ಹಾಯಿ ಹೊಲಿದ ಹಣಮಯ್ಯ

ಮನೂರಿನ ಕಡೆಯ ಹಣಮಯ್ಯ ಸಮುದ್ರ ನೋಡಿದ್ದು ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನು ಕಂಡ ದೊಡ್ಡ ನೀರು ಅಂದರೆ ಮಳೆಗಾಲದ ಮಾಂಜ್ರಾ ಹೊಳೆ. ಸಮುದ್ರ ಕಂಡಾಗ ಅವನಿಗೆ ವಿಶೇಷವೇನೂ ಅನ್ನಿಸಲಿಲ್ಲ. ಯಾವುದಾದರೂ ವಿಶೇಷ ಅನ್ನಿಸುವುದು ನಿಂತು ಆ ಹೊತ್ತಿಗೆ ಕೆಲವು ವರ್ಷಗಳೇ ಆಗಿದ್ದವು.

ಅವನದು ತೊಗಲು ಹೊಲಿಯುವ ಮನೆತನ. ಬಾವಿಯಿಂದ ಎತ್ತು ಹೂಡಿ ನೀರೆಳೆಯಲು ತೊಗಲಿನ ಮೊಟ್ಟೆ ಬೇಕಾಗುತ್ತಿತ್ತಲ್ಲ, ಅದನ್ನು ಹೊಲಿಯುವುದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದ ಕೆಲಸ. ಹಣಮಯ್ಯ ಹೊಲಿದ ಮೊಟ್ಟೆ ಸೋರುವುದಿಲ್ಲ ಎಂದು ನಾಗಲಗಿದ್ದದಿಂದಲೂ ಜನ ಬರುತ್ತಿದ್ದರು. ಆಮೇಲೆ ಬಾವಿಗಳ ಮೇಲೆ ಕರೆಂಟಿನ ಮೋಟಾರು ಕೂತವು. ಮೋಟಾರು ಬಂದ ಮನೆಯಲ್ಲಿ ಮೊಟ್ಟೆ ಗೋಡೆಯ ಗೂಟಕ್ಕೆ ಏರಿತು. ಮೂರು ವರ್ಷದಲ್ಲಿ ಕೇಳುವವರೇ ಇಲ್ಲವಾದರು. ಹಣಮಯ್ಯ ಹೆಂಡತಿ ಬಾಲಮಣಿಯನ್ನೂ ಐದು ವರ್ಷದ ಮಗಳು ಈಶಮ್ಮನನ್ನೂ ಕರೆದುಕೊಂಡು ಜಹೀರಾಬಾದಿಗೆ ಬಂದ. ಅದು ಅರವತ್ತಾರನೆಯ ಇಸವಿ.

ಜಹೀರಾಬಾದಿನಲ್ಲಿ ಮುಂಬೈ ರಸ್ತೆಯ ಲಾರಿಗಳು ಹಗಲೆಲ್ಲ ನಿಲ್ಲುತ್ತಿದ್ದವು. ಆತ್ಮಾರಾಮ ಸೇಟನ ಅಂಗಡಿಯಲ್ಲಿ ಲಾರಿಗಳಿಗೆ ಸರಕಿನ ಮೇಲೆ ಹೊದಿಸುವ ತಾಡಪತ್ರಿ ಹೊಲಿದುಕೊಡುತ್ತಿದ್ದರು. ದಪ್ಪ ಕ್ಯಾನ್ವಾಸ್ ಬಟ್ಟೆ, ಮೇಣದ ದಾರ, ಮೂರು ಅಂಚಿನ ಸೂಜಿ. ತೊಗಲು ಹೊಲಿದ ಕೈಗೆ ಅದೇನೂ ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದರು. ಮೂಲೆಗಳಿಗೆ ತೊಗಲಿನ ತೇಪೆ ಕೊಟ್ಟು, ಹಗ್ಗ ಉಜ್ಜುವಲ್ಲಿ ಇನ್ನೊಂದು ಪದರ ಕೂಡಿಸಿ ಹೊಲಿಯುವ ಅವನ ರೀತಿ ಡ್ರೈವರುಗಳಿಗೆ ಹಿಡಿಸಿತು. ಸೋಲಾಪುರದಿಂದ ಬಂದವರೂ ಹಣಮಯ್ಯನೇ ಹೊಲಿಯಲಿ ಅನ್ನುತ್ತಿದ್ದರು.

ಮೂರು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಅರವತ್ತೊಂಬತ್ತರ ಬೇಸಿಗೆಯಲ್ಲಿ ಸೈಕಲ್ ಮೇಲೆ ಆರೋಗ್ಯ ಇಲಾಖೆಯ ಒಬ್ಬ ಓಣಿಗೆ ಬಂದ. ಎಲ್ಲರ ಅಂಗಿ ಬಿಚ್ಚಿಸಿ ಬೆನ್ನು, ತೋಳು ನೋಡಿದ. ಹಣಮಯ್ಯನ ಮೊಣಕೈ ಮೇಲೆ ರೂಪಾಯಿ ಅಗಲದ ಒಂದು ಬಿಳಚು ಮಚ್ಚೆ ಇತ್ತು. ಆತ ಚೀಲದಿಂದ ಕೋಳಿಯ ಗರಿಯೊಂದನ್ನು ತೆಗೆದು, "ಕಣ್ಣ ಮುಚ್ಚು. ಮುಟ್ಟಿದಾಗ ಹೂಂ ಅನ್ನು" ಅಂದ.

ಹಣಮಯ್ಯ ಕಣ್ಣು ಮುಚ್ಚಿದ. ಗರಿ ಯಾವಾಗ ತಾಕೀತೆಂದು ಕಾಯುತ್ತ ಕೂತ. ಬಹಳ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಮುಟ್ರಿ ಮತ್ತ" ಅಂದ.

"ಆರು ಸಲ ಮುಟ್ಟೀನಿ" ಅಂದ ಆತ.

ಕುಷ್ಠ. ಊರಿನವರು ಅದನ್ನು ಹೆಸರು ಹಿಡಿದು ಹೇಳದೆ ದೊಡ್ಡ ರೋಗ ಅನ್ನುತ್ತಿದ್ದರು. ತಿಂಗಳಿಗೊಮ್ಮೆ ನಾರಾಯಣಖೇಡದ ದವಾಖಾನೆಗೆ ಹೋಗಿ ಗುಳಿಗೆ ತರಬೇಕಾಯಿತು. ಸುದ್ದಿ ಬಶೀರಾಬಾದಿನ ಕಡೆ ಹಳ್ಳಿಯಲ್ಲಿದ್ದ ಬಾಲಮಣಿಯ ಅಣ್ಣ ಗಂಗಾರಾಮನ ಕಿವಿಗೆ ಬಿತ್ತು. ಗಂಗಾರಾಮ ಕೆಟ್ಟವನಲ್ಲ. ಬಂದು ಒಂದು ದಿನ ಇದ್ದ, ಭಾವನ ಜೊತೆ ಕೂತು ಉಂಡ, ಮರುದಿನ "ನಾಕ ದಿನ ತಂಗೀನ ಊರಿಗಿ ಕರಕೊಂಡ ಹೋಗ್ತೀನಿ" ಅಂದ. ಬಾಲಮಣಿ ಗಂಟು ಕಟ್ಟುವಾಗ ಮಗಳ ಚಳಿಗಾಲದ ಅಂಗಿಯನ್ನೂ ಇಟ್ಟುಕೊಂಡಳು. ಆಗಿನ್ನೂ ಬೇಸಿಗೆ. ಹಣಮಯ್ಯ ಅದನ್ನು ನೋಡಿದ.

ಆರು ವರ್ಷ ಗುಳಿಗೆ ನುಂಗಿದ. ಎಪ್ಪತ್ತೈದರಲ್ಲಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, ಇನ್ನು ನಿನ್ನಿಂದ ಯಾರಿಗೂ ಏನೂ ಆಗುವುದಿಲ್ಲ ಅಂದರು. ಹೋದ ಸ್ಪರ್ಶ ಮಾತ್ರ ತಿರುಗಿ ಬರುವುದಿಲ್ಲ ಅಂದರು. ಎರಡೂ ಅಂಗೈಗಳ ಹೊರಗಿನ ಅರ್ಧ ಸತ್ತಿತ್ತು, ಬಲಗೈಯ ಕಿರುಬೆರಳು ಒಳಗೆ ಮಡಚಿಕೊಂಡಿತ್ತು. "ಸಂಜಿ ಕೆಲಸ ಮುಗಿದ ಮ್ಯಾಲ ಕೈಯೆರಡೂ ಬೆಳಕಿನಾಗ ಹಿಡಿದು ನೋಡಬೇಕು. ಗಾಯ ಆಗಿದ್ದು ನಿನಗ ನೋವಾಗಿ ತಿಳಿಯಂಗಿಲ್ಲ, ಕಣ್ಣಿಂದ ತಿಳೀಬೇಕು" ಅಂದರು ಡಾಕ್ಟರು. ಹಣಮಯ್ಯ ಹಾಗೆಯೇ ಮಾಡಿದ. ಕೈ ನೋಡುವುದು, ನೀರಲ್ಲಿ ನೆನೆಸುವುದು, ಎಣ್ಣೆ ಹಚ್ಚುವುದು. ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವ ಮನುಷ್ಯ ಅವನು.

ಚೀಟಿಯನ್ನು ಯಾರೂ ಓದಲಿಲ್ಲ. ಎಪ್ಪತ್ತಾರರ ಮಳೆಗಾಲದಲ್ಲಿ ಒಬ್ಬ ಲಾರಿ ಮಾಲೀಕ ಹೊಸ ತಾಡಪತ್ರಿ ಬಿಚ್ಚಿ ನೋಡಿದರೆ ಒಳಬದಿಯಲ್ಲಿ ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ರಕ್ತದ ಕಲೆ. ಸೂಜಿ ಚುಚ್ಚಿದ್ದು ಹಣಮಯ್ಯನಿಗೆ ತಿಳಿದಿರಲಿಲ್ಲ. ಮಾಲೀಕ ಏನೂ ಜಗಳ ಮಾಡಲಿಲ್ಲ, ತಾಡಪತ್ರಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಹೋದ. ಮೂರನೆಯ ದಿನ ಆತ್ಮಾರಾಮ ಸೇಟ್ ಹಣಮಯ್ಯನನ್ನು ಕರೆದು ಒಂದು ಕಾಗದ ತೋರಿಸಿದ.

"ಹಣಮ್ಯಾ, ಮುಂಬೈದಾಗ ನಮಗ ಕ್ಯಾನ್ವಾಸ್ ಕೊಡೋ ಸಾಹುಕಾರ ಬರದಾನ. ಕೊಂಕಣದಾಗ ಒಬ್ಬ ಸಾಹೇಬ ಹಳೇ ಹಡಗ ತಗೊಂಡು ರಿಪೇರಿ ಮಾಡಸ್ಲತ್ತಾನಂತ. ಅದಕ್ಕ ಗಾಳಿ ಹಿಡಿಯೋ ಪಟ ಹೊಲಿಯವ್ರು ಬೇಕಂತ. ಅಲ್ಲಿಯ ಹೊಲಿಯವ್ರೆಲ್ಲ ದುಬೈ ಕಡಿ ಹೋಗ್ಯಾರ. ನೀ ಹೋಗ್ತೇನು?"

"ಅದೆಂಥ ಪಟರೀ?"

"ಬಟ್ಟೀನೇ. ನಮ್ಮದೇ ಬಟ್ಟಿ. ದೊಡ್ಡದ ಇರ್ತದ ಅಷ್ಟೇ."

"ಹೋಗಂದ್ರ ಹೋಗ್ತೀನ್ರಿ ಸೇಟ್ರ."

ಸೇಟ್ ಮುಖ ತಿರುಗಿಸಿ ಕಾಗದವನ್ನು ಮಡಚಿದ. ತನ್ನನ್ನು ಅಂಗಡಿಯಿಂದ ಕಳಿಸಲು ಒಂದು ದಾರಿ ಸಿಕ್ಕಿತೆಂದು ಅವನಿಗೆ ಹಗುರಾಗಿದೆ, ನಾಚಿಕೆಯೂ ಆಗಿದೆ ಎಂದು ಹಣಮಯ್ಯನಿಗೆ ತಿಳಿಯಿತು. ತಿಳಿದರೂ ಬೇಸರವಾಗಲಿಲ್ಲ.

ಹೋಗುವ ಮೊದಲು ಹೆಂಡತಿಗೆ ಒಂದು ಮಾತು ಹೇಳಿ ಹೋಗೋಣವೆಂದು ಬಶೀರಾಬಾದಿಗೆ ಬಸ್ಸು ಹತ್ತಿದ. ಅಲ್ಲಿಂದ ಹಳ್ಳಿಗೆ ನಡೆದು ಹೋದ. ಗಂಗಾರಾಮ ಅಂಗಳದ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂಡಿಸಿದ. ಬಾಲಮಣಿ ತಂಬಿಗೆಯಲ್ಲಿ ನೀರು ತಂದಳು. ಅವಳು ತಾಂಡೂರಿನ ಹತ್ತಿರದ ಕಲ್ಲಿನ ಖಣಿಗೆ ಕೂಲಿಗೆ ಹೋಗುತ್ತಿದ್ದಳು, ಕಲ್ಲಿನ ಧೂಳು ಅವಳ ಕೂದಲ ಬುಡದಲ್ಲಿ ಇತ್ತು.

"ಎಲ್ಲಿಗಿ ಹೊಂಟೀರಿ?"

"ಮುಂಬೈ ಆಚಿಗಿ. ಸಮುದ್ರದ ದಂಡಿಗಿ. ಹಡಗಿನ ಪಟ ಹೊಲಿಯಾಕ."

ಅವಳು ಬಾಗಿಲ ಪಕ್ಕದ ಗೋಡೆಗೆ ಆತು ನಿಂತಳು. "ಈಶಮ್ಮಂದು ಗಟ್ಟಿ ಆಗ್ಯದ" ಅಂದಳು. "ತಾಂಡೂರಿನವ್ರು. ಹುಡುಗ ಕಲ್ಲ ಪಾಲಿಶ್ ಕಾರ್ಖಾನ್ಯಾಗ ಇದ್ದಾನ. ಉಗಾದಿ ಆದ ಮ್ಯಾಲ ಮದಿವಿ."

"ಛಲೋ ಆತು."

"ಅವ್ರ ಮುಂದ..." ಅಂದು ಅವಳು ನಿಲ್ಲಿಸಿದಳು. ಗಂಗಾರಾಮ ನೆಲ ನೋಡುತ್ತ ಆ ಮಾತನ್ನು ಮುಗಿಸಿದ. "ಭಾವಾ, ಸಿಟ್ಟಾಗಬ್ಯಾಡ. ಹುಡುಗಿಗಿ ಅಪ್ಪ ಇಲ್ಲ ಅಂತ ಹೇಳೀವಿ. ಹಂಗ ಹೇಳಲಿಲ್ಲಂದ್ರ ಈ ಸಂಬಂಧ ಆಗ್ತಿದ್ದಿಲ್ಲ."

"ಇಲ್ಲ ಅಂದ್ರ, ಸತ್ತಾನ ಅಂತ?"

"ಹೂಂ."

ಹಣಮಯ್ಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅದು ಜಾರಬಾರದೆಂದು ಅದನ್ನೇ ನೋಡುತ್ತಿದ್ದ.

"ಸತ್ತು ಎಷ್ಟ ವರ್ಷ ಆತು ಅಂತ ಹೇಳೀರಿ?"

"ಐದು" ಅಂದಳು ಬಾಲಮಣಿ.

"ಏನಾಗಿ?"

"ಹಾವ ಕಡದು."

ಬಟ್ಟೆ ಕತ್ತರಿಸುವ ಮೊದಲು ಅಳತೆ ಕೇಳುವವನ ಹಾಗೆ ಅವನು ಎರಡೂ ಮಾತನ್ನು ಕೇಳಿಸಿಕೊಂಡ. ಎಲ್ಲಿಯಾದರೂ ಯಾರಾದರೂ ಕೇಳಿದರೆ ತಪ್ಪಬಾರದಲ್ಲ. "ಆತು. ಹಂಗಾರ ನಾ ಈ ಕಡಿ ಬರಂಗಿಲ್ಲ" ಅಂದು ನೀರು ಕುಡಿದು ಎದ್ದ. ಈಶಮ್ಮ ಒಳಗಿದ್ದಳೋ ಹೊಲಕ್ಕೆ ಹೋಗಿದ್ದಳೋ ಅವನು ಕೇಳಲಿಲ್ಲ. ಬಶೀರಾಬಾದಿನ ಬಸ್ಸು ಸಿಗುವವರೆಗೂ ಅಳು ಬರಬಹುದು ಎಂದು ಒಂದು ಕಡೆ ಕಾದ. ಬರಲಿಲ್ಲ. ಹಸಿವಾಯಿತು, ಒಂದು ಬನ್ನು ತಿಂದ.

ದಸರೆ ಮುಗಿದ ಮೇಲೆ ಒಂದು ಲಾರಿಯಲ್ಲಿ ಪುಣೆಯವರೆಗೆ ಹೋಗಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ಕೊಂಕಣಕ್ಕೆ ಇಳಿದ. ಸಮುದ್ರದ ನೀರು ಭೂಮಿಯ ಒಳಗೆ ನುಗ್ಗಿ ಹೊಳೆಯಂತೆ ನಿಂತಿದ್ದ ಜಾಗ. ಅದಕ್ಕೆ ಅಲ್ಲಿ ಖಾಡಿ ಅನ್ನುತ್ತಿದ್ದರು. ದಂಡೆಯ ಕೆಸರಿನಲ್ಲಿ ಮರದ ಗೂಟಗಳ ಆಸರೆಯಲ್ಲಿ ಒಂದು ಹಡಗು ನಿಂತಿತ್ತು. ಅರವತ್ತು ಅಡಿ ಉದ್ದ, ಎರಡು ಕಂಬ. ಪತೇಮಾರಿ ಎಂಬ ಜಾತಿಯ ಹಾಯಿಹಡಗು ಅದು. ಮೂವತ್ತು ವರ್ಷ ಮಂಗಳೂರಿನ ಹೆಂಚು ಹೊತ್ತು ಮುಂಬೈಗೆ ಓಡಾಡಿ, ಲಾರಿಗಳು ಹೆಚ್ಚಿದ ಮೇಲೆ ಕೆಲಸವಿಲ್ಲದೆ ಕೂತಿತ್ತಂತೆ.

ಅದನ್ನು ಕೊಂಡ ಸಾಹೇಬ ಮುಂಬೈಯವನು, ದೊಡ್ಡ ಹಡಗುಗಳ ಇಂಜಿನು ನೋಡಿಕೊಂಡು ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಅವನ ಹೆಂಡತಿ ಶಾಲೆಯ ಮಾಸ್ತರಿಣಿಯಾಗಿದ್ದಳು, ಅವಳನ್ನು ಎಲ್ಲರೂ ಗೌರವದಿಂದ ಬಾಯಿ ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ಮುಂಬೈಯ ಮನೆ ಮಾರಿ, ಈ ಹಡಗನ್ನೇ ಮನೆ ಮಾಡಿಕೊಂಡು ಕೊಚ್ಚಿ, ಲಂಕಾ, ಅಲ್ಲಿಂದ ಮುಂದೆ ಮನಸ್ಸು ಬಂದ ಕಡೆಗೆ ಹೋಗುತ್ತ ಅದರಲ್ಲೇ ಬದುಕುವುದು ಅವರ ಯೋಚನೆ. ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು. ಅವರದು ಮುಂಬೈಯ ಹಿಂದಿ, ಹಣಮಯ್ಯನದು ಜಹೀರಾಬಾದಿನ ದಖನಿ. ಅದನ್ನು ಇಲ್ಲಿ ಕನ್ನಡದಲ್ಲೇ ಹೇಳಿದೆ.

ಹಡಗಿನ ಕೆಲಸಕ್ಕೆ ಹಿರಿಯ ಒಬ್ಬ ತಾಂಡೇಲ, ಅಂದರೆ ಹಡಗು ನಡೆಸುವವನು. ಬಿಳಿ ಗಡ್ಡ, ಕಡಿಮೆ ಮಾತು. ಅವನೇ ಸಮುದ್ರಕ್ಕೂ ಬರುವವನಿದ್ದ. ಇಬ್ಬರು ಬಡಗಿಗಳು, ಹಿಂದೆ ಹೆಂಚು ತುಂಬುತ್ತಿದ್ದ ಒಡಲಿನೊಳಗೆ ಸಾಗುವಾನಿಯ ಅಡ್ಡಗೋಡೆ ಎಬ್ಬಿಸಿ ಕೋಣೆ ಮಾಡುತ್ತಿದ್ದರು. ಇನ್ನಿಬ್ಬರು ಹೊರಗಿನ ಹಲಗೆಗಳ ಸಂದಿಗೆ ಎಣ್ಣೆ ಮತ್ತು ರಾಳದಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಟಕ್ ಟಕ್ ಎಂಬ ಸದ್ದು, ಮೀನೆಣ್ಣೆಯ ವಾಸನೆ.

ಹಣಮಯ್ಯನಿಗೆ ದಂಡೆಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಕೊಟ್ಟರು. ಮೊದಲ ವಾರ ತಾಂಡೇಲ ಅವನ ಪಕ್ಕದಲ್ಲೇ ಕೂತ.

"ಲಾರಿಗೆ ಬಟ್ಟೆ ಬಿಗಿಯಾಗಿ ಇರಬೇಕು. ಹಾಯಿಗೆ ಹೊಟ್ಟೆ ಇರಬೇಕು" ಅಂದ. "ಬಿಗಿಯಾದ ಹಾಯಿ ಗಾಳಿ ಹಿಡಿಯೋದಿಲ್ಲ."

ಬಟ್ಟೆಯ ಪಟ್ಟಿಗಳನ್ನು ಅಂಚಿನಲ್ಲಿ ಸ್ವಲ್ಪ ಬಾಗಿಸಿ ಕತ್ತರಿಸಿ ಜೋಡಿಸಿದರೆ ಹಾಯಿಗೆ ಹೊಟ್ಟೆ ಬರುತ್ತದೆ ಎಂದು ಹಣಮಯ್ಯನಿಗೆ ಎರಡನೆಯ ದಿನವೇ ತಿಳಿಯಿತು. ಮೊಟ್ಟೆಯ ತೊಗಲನ್ನೂ ಹಾಗೆಯೇ ಕತ್ತರಿಸುತ್ತಿದ್ದ. ಸುತ್ತಲಿನ ಅಂಚಿಗೆ ಹಗ್ಗ ಹೊಲಿಯಬೇಕು. ಗಾಳಿಯ ಎಳೆತ ಹಗ್ಗದ ಮೇಲೆ ಬೀಳಬೇಕು, ಬಟ್ಟೆಯ ಮೇಲೆ ಬೀಳಬಾರದು. ಹಗ್ಗ ಕಂಬಕ್ಕೆ ಉಜ್ಜುವ ಕಡೆಗಳಲ್ಲಿ ಅವನು ಯಾರೂ ಹೇಳದೆಯೇ ಎಣ್ಣೆ ಕುಡಿಸಿದ ತೊಗಲನ್ನು ಸುತ್ತಿ ಹೊಲಿದ. ತಾಂಡೇಲ ಆ ತೊಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಸಾಹೇಬನ ಕಡೆ ತಲೆಯಾಡಿಸಿದ. ಅದು ಅವನ ದೊಡ್ಡ ಮೆಚ್ಚುಗೆ ಎಂದು ಬಡಗಿಗಳು ಹೇಳಿದರು. ಹಣಮಯ್ಯ ಮುಂದಿನ ಅಂಚಿಗೆ ದಾರ ಪೋಣಿಸಿದ.

ಒಂದು ತಿಂಗಳಾದ ಮೇಲೆ ರಕ್ತ ಕಂಡಿತು. ದೊಡ್ಡ ಹಾಯಿಯನ್ನು ದಂಡೆಯ ಮರಳ ಮೇಲೆ ಹಾಸಿ ನೋಡುವಾಗ ಬಿಳಿ ಬಟ್ಟೆಯ ಒಂದು ಅಂಚಿನುದ್ದಕ್ಕೂ ಕಂದು ಚುಕ್ಕೆಗಳು. ಎಲ್ಲರೂ ನೋಡಿದರು. ತಾಂಡೇಲ ಹಣಮಯ್ಯನ ಬಲಗೈಯನ್ನು ಹಿಡಿದು ತಿರುಗಿಸಿದ. ಅಂಗೈಯ ಹೊರ ಅಂಚಿನಲ್ಲಿ ಸೂಜಿಯ ಆರೇಳು ತೂತು, ಒಂದರಿಂದ ಇನ್ನೂ ಒಸರುತ್ತಿತ್ತು. ಮಡಚಿದ ಕಿರುಬೆರಳನ್ನೂ ನೋಡಿದ. ಕೈ ಬಿಟ್ಟು ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಇದು ಆ ರೋಗವಾ?"

"ಹೌದ್ರಿ. ಗುಳಿಗಿ ನುಂಗಿ ಹೋಗ್ಯದ. ಚೀಟಿ ಅದ."

ಸಾಹೇಬ ಚೀಟಿ ತೆಗೆದುಕೊಂಡು ಓದಿ ಬಾಯಿಯ ಕೈಗೆ ಕೊಟ್ಟ. ಬಾಯಿ ಎರಡು ಸಲ ಓದಿದಳು. ಆ ಚೀಟಿಯನ್ನು ಪೂರ್ತಿ ಓದಿದವರು ಅವರಿಬ್ಬರೇ. "ಇವನಿಂದ ಏನೂ ಆಗೋದಿಲ್ಲ ಅಂತ ಡಾಕ್ಟರು ಬರೆದಿದ್ದಾರೆ" ಅಂದಳು.

"ಕಾಗದ ನನಗೆ ಓದಲು ಬರೋದಿಲ್ಲ" ಅಂದ ತಾಂಡೇಲ. "ನನ್ನ ಮನೆಯಲ್ಲಿ ಸಣ್ಣ ಮೊಮ್ಮಕ್ಕಳಿದ್ದಾರೆ, ಸಾಹೇಬ. ಆ ಹಾಯಿಯನ್ನು ದಿನಾ ಹಿಡಿಯುವವನು ನಾನು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಣಮಯ್ಯ ತನ್ನ ಸೂಜಿಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದ. ಮಧ್ಯಾಹ್ನ ಅವನು ಇಳಿದುಕೊಂಡಿದ್ದ ಮೀನುಗಾರರ ಮನೆಗೆ ಹೋದರೆ ಅವನ ಗಂಟು ಹೊರಗಿನ ಕಟ್ಟೆಯ ಮೇಲೆ ಇತ್ತು. ಮನೆಯಾಕೆ ಅದರ ಮೇಲೆ ಒಂದು ಎಲೆಯಲ್ಲಿ ಅನ್ನ ಮೀನು ಕಟ್ಟಿ ಇಟ್ಟಿದ್ದಳು. ಅದನ್ನು ಎತ್ತಿಕೊಂಡು ಹಡಗಿನ ಹತ್ತಿರ ಬಂದ.

"ಎಲ್ಲಿಗೆ ಹೋಗ್ತೀಯ?" ಸಾಹೇಬ ಕೇಳಿದ.

"ಹೋಗಾಕ ಎಲ್ಲೂ ಇಲ್ರಿ. ಊರಿಗಿ ಹೋಗಂದ್ರ ಹೋಗ್ತೀನಿ."

ಸಾಹೇಬ ಹೆಂಡತಿಯ ಮುಖ ನೋಡಿದ. "ಹಡಗಿನಲ್ಲೇ ಇರು" ಅಂದಳು ಬಾಯಿ. "ಒಳಗೆ ಒಂದು ಮಂಚ ಮುಗಿದಿದೆ."

ಹಾಯಿಯ ಮಾತು ತೀರಿಸಲು ತಾಂಡೇಲನೇ ಒಂದು ದಾರಿ ಹೇಳಿದ. ಮೀನುಗಾರರು ಬಲೆಗೆ ಹಾಕುವ ಹಾಗೆ ಮರದ ತೊಗಟೆಯನ್ನು ಕುದಿಸಿ ಆ ಕೆಂಪು ನೀರಿನಲ್ಲಿ ಹಾಯಿಯನ್ನು ನೆನೆಸಿದರೆ ಬಟ್ಟೆ ಬೇಗ ಕೊಳೆಯುವುದಿಲ್ಲ. ಕುದಿದ ನೀರಿನಲ್ಲಿ ಅದ್ದಿ, ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿದ ಮೇಲೆ ತಾನು ಮುಟ್ಟುತ್ತೇನೆ ಅಂದ. ಸಾಹೇಬ ಒಪ್ಪಿದ. ಹೊಲಿಗೆಯೆಲ್ಲ ಮುಗಿದ ಮೇಲೆ ಹಾಗೆಯೇ ಮಾಡುವುದೆಂದು ಆಯಿತು. ಅಲ್ಲಿಯವರೆಗೆ ಹಣಮಯ್ಯನ ಚಪ್ಪರಕ್ಕೆ ಬಾಯಿ ಒಬ್ಬಳೇ ಬರುತ್ತಿದ್ದಳು.

ಹೀಗೆ ಆ ಹಡಗಿನಲ್ಲಿ ಮೊದಲು ಸಂಸಾರ ಹೂಡಿದವನು ಹಣಮಯ್ಯನೇ ಆದ. ದಿನಕ್ಕೆ ಎರಡು ಸಲ ಉಬ್ಬರದ ನೀರು ಬಂದು ಹಡಗನ್ನು ಕೆಸರಿನಿಂದ ಎತ್ತುತ್ತಿತ್ತು, ಗೂಟಗಳು ಕಿರುಗುಟ್ಟುತ್ತಿದ್ದವು. ಬೇರೆಯವರಾದರೆ ಹೆದರುತ್ತಿದ್ದರೇನೋ. ಅವನು ಮಲಗಿದ್ದ ಹಾಗೆಯೇ ಮಲಗಿರುತ್ತಿದ್ದ. ಬೆಳಿಗ್ಗೆ ಬಾಯಿ ಏಣಿ ಹತ್ತಿ ಬಂದು, ಒಳಗೆ ಇರಲು ಹೇಗಿದೆ ಎಂದು ಕೇಳುತ್ತಿದ್ದಳು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಒಲೆಯ ಹೊಗೆ ಮಂಚದ ಕಡೆಗೆ ಬರುತ್ತದೆ. ಮೇಜಿನ ಮೂಲೆ ತೊಡೆಗೆ ಬಡಿಯುತ್ತದೆ. ಹಡಗು ವಾಲಿದಾಗ ಮೇಲಿನ ಹಲಗೆಯ ಡಬ್ಬಿಗಳು ಜಾರಿ ಬೀಳುತ್ತವೆ. ಮಂಚದಿಂದ ತಾನೂ ಒಂದು ಸಲ ಬಿದ್ದೆ.

ಬಾಯಿ ಅದನ್ನೆಲ್ಲ ಬಡಗಿಗಳಿಗೆ ಹೇಳಿ ಸರಿ ಮಾಡಿಸಿದಳು. ಮೇಜಿನ ಮೂಲೆ ಉರುಟಾಯಿತು. ಹಲಗೆಗಳಿಗೆ ನಾಲ್ಕು ಬೆರಳೆತ್ತರದ ಅಂಚು ಬಂತು, ಕಪಾಟುಗಳಿಗೆ ಕೊಂಡಿ ಬಂತು. ಒಲೆಯನ್ನು ಕಬ್ಬಿಣದ ಬಳೆಯೊಳಗೆ ತೂಗುಹಾಕಿದರು, ಹಡಗು ಹೇಗೆ ವಾಲಿದರೂ ಪಾತ್ರೆ ನೆಟ್ಟಗೇ ನಿಲ್ಲುತ್ತಿತ್ತು. ಮಲಗಿದವರು ಉರುಳದಂತೆ ಮಂಚದ ಬದಿಗೆ ಕಟ್ಟುವ ಕ್ಯಾನ್ವಾಸಿನ ತಡೆಯನ್ನು ಹಣಮಯ್ಯ ಹೊಲಿದ. ಮಳೆಯ ನೀರು ಹಿಡಿಯಲು ಒಂದು ಚಪ್ಪರಬಟ್ಟೆ ಹೊಲಿದು ಅದರ ನಡುವೆ ತೊಗಲಿನ ಕೊಳವೆ ಇಟ್ಟ. ಮೇಲೆ ಬಿದ್ದ ನೀರು ಅದರಿಂದ ಇಳಿದು ನೆಲದಡಿಯ ಟಾಕಿಗೆ ಹೋಗಬೇಕು. ಕುಡಿಯುವ ನೀರು ಮುಗಿದರೆ ಸಮುದ್ರದ ನಡುವೆ ಎಲ್ಲಿಂದ ತರುವುದು ಎಂದು ಕೇಳಿದವನೂ ಅವನೇ.

ಒಂದು ಬೆಳಿಗ್ಗೆ ಬಾಯಿ ಬಂದಾಗ ಚಹಾ ಕಾಯಿಸಿ ಕೊಟ್ಟ. ಅವಳು ಲೋಟ ತೆಗೆದುಕೊಂಡು ಅವನ ಕೈ ನೋಡಿದಳು. ಅಂಗೈಯಲ್ಲಿ ಉದ್ದಕ್ಕೆ ಬೊಬ್ಬೆ ಎದ್ದಿತ್ತು.

"ಸುಟ್ಟುಕೊಂಡಿದ್ದೀಯ."

ಹಣಮಯ್ಯ ಕೈ ತಿರುಗಿಸಿ ನೋಡಿಕೊಂಡ. "ಹೌದ್ರಿ. ಪಾತೇಲಿ ಹಿಡಿ ಇರಬೇಕು."

"ನೋವಿಲ್ಲವಾ?"

"ಇಲ್ರಿ ಬಾಯಿ. ಬ್ಯಾನಿ ಇದ್ದಿದ್ರ ಬಿಡ್ತಿದ್ದೆ."

ಬಾಯಿ ಚಹಾ ಕುಡಿದು ಮುಗಿಸಿದಳು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ಮಗಳ ಮದುವೆ ಇದೆ ಅಂದ. ಮದುವೆಗೆ ಹೋಗುವುದಿಲ್ಲವಾ ಎಂದು ಕೇಳಿದಾಗ, ತಾನು ಹಾವು ಕಡಿದು ಸತ್ತಿದ್ದೇನೆ ಎಂದು ಹೇಳಿದ. ಆಗ ಅವಳು ಅತ್ತಳು. ಯಾಕೆ ಅಳುತ್ತಾಳೆಂದು ಅವನಿಗೆ ಗೊತ್ತಾಯಿತು. ಆದರೆ ಅದು ಪಕ್ಕದ ಮನೆಯ ಸುದ್ದಿಯಂತೆ ಇತ್ತು, ತನ್ನದೆನ್ನಿಸಲಿಲ್ಲ. ಮರುದಿನ ಎಲ್ಲ ಪಾತ್ರೆಗಳಿಗೂ ಒಲೆಯ ಬಾಗಿಲಿಗೂ ಮರದ ಹಿಡಿ ಬಂದವು.

ಸಂಕ್ರಾಂತಿಯ ಹೊತ್ತಿಗೆ ಎರಡು ದೊಡ್ಡ ಹಾಯಿ, ಮುಂದಿನ ಸಣ್ಣದೊಂದು, ಬಿರುಗಾಳಿಗೆಂದು ಇನ್ನೊಂದು ಗಟ್ಟಿಯದು ಮುಗಿದವು. ದಂಡೆಯ ಮೇಲೆ ತಾಮ್ರದ ಕಡಾಯಿಯಲ್ಲಿ ತೊಗಟೆ ಕುದಿಸಿದರು. ಬಿಳಿ ಹಾಯಿಗಳು ಇಟ್ಟಿಗೆಯ ಬಣ್ಣವಾಗಿ ಎದ್ದು ಬಂದವು. ಒಣಗಿದ ಮೇಲೆ ರಕ್ತದ ಗುರುತು ಯಾವುದು, ತೊಗಟೆಯ ಗುರುತು ಯಾವುದು ಹೇಳುವ ಹಾಗಿರಲಿಲ್ಲ. ತಾಂಡೇಲ ಕೊಟ್ಟ ಮಾತಿನಂತೆ ನಾಲ್ಕು ದಿನ ಎಣಿಸಿ, ಐದನೆಯ ದಿನ ಹಾಯಿಯನ್ನು ಹೆಗಲ ಮೇಲೆ ಹೊತ್ತ.

ಹಡಗನ್ನು ನೀರಿಗಿಳಿಸಿ ಖಾಡಿ ಸಮುದ್ರ ಸೇರುವ ಜಾಗದವರೆಗೆ ಒಂದು ಸುತ್ತು ಹೋಗಿ ನೋಡಿದರು. ಹಣಮಯ್ಯನನ್ನೂ ಕರೆದುಕೊಂಡರು, ಹೊಲಿಗೆ ಎಲ್ಲಾದರೂ ಬಿಟ್ಟರೆ ಬೇಕಲ್ಲ. ಹಾಯಿ ಕಟ್ಟಿದ ಅಡ್ಡಮರ ಮೇಲೇರಿತು, ಹಾಯಿ ಎರಡು ಸಲ ಪಟಪಟನೆ ಬಡಿದುಕೊಂಡು ಗಾಳಿ ತುಂಬಿ ನಿಂತಿತು. ಹೊಟ್ಟೆ ಎಲ್ಲಿ ಬರಬೇಕೋ ಅಲ್ಲಿ ಬಂದಿತ್ತು. ಹಡಗು ಸದ್ದಿಲ್ಲದೆ ಒಂದು ಕಡೆ ವಾಲಿ ಮುಂದೆ ಹೊರಟಿತು. ಸಾಹೇಬ ಚುಕ್ಕಾಣಿ ಹಿಡಿದು ನಗುತ್ತಿದ್ದ. ತಾಂಡೇಲ ಒಂದು ಹಗ್ಗದ ತುದಿಯನ್ನು ಹಣಮಯ್ಯನ ಕಡೆ ಚಾಚಿ, "ಹಿಡಿ" ಅಂದ. ಇಬ್ಬರ ಕೈಯೂ ಒಂದೇ ಹಗ್ಗದ ಮೇಲೆ ಸ್ವಲ್ಪ ಹೊತ್ತು ಇತ್ತು.

ತಿರುಗಿ ಬಂದ ಮೇಲೆ ಸಾಹೇಬ, "ನಮ್ಮ ಜೊತೆ ಬಂದುಬಿಡು. ಹಾಯಿ ರಿಪೇರಿಗೆ ಒಬ್ಬರು ಬೇಕೇ ಬೇಕು. ತಾಂಡೇಲನೂ ಬೇಡ ಅನ್ನಲಿಲ್ಲ" ಅಂದ.

ಹಣಮಯ್ಯ ಅದನ್ನು ನಿಜವಾಗಿಯೂ ಯೋಚಿಸಿದ. ಊರಿನಲ್ಲಿ ಕಾಯುವವರಿರಲಿಲ್ಲ, ಹಡಗಿನ ಮಂಚ ಅಭ್ಯಾಸವಾಗಿತ್ತು.

"ಆಗಂಗಿಲ್ರಿ ಸಾಹೇಬ್ರ" ಅಂದ ಕೊನೆಗೆ. "ಹಗ್ಗ ಹಿಡದೀನೋ ಬಿಟ್ಟೀನೋ ನಾ ನೋಡೇ ತಿಳಕೋಬೇಕು. ಕತ್ತಲಾಗ ಗಾಳಿ ಎದ್ದರ ನನಗ ಗೊತ್ತೇ ಆಗಂಗಿಲ್ಲ. ನಿಮ್ಮ ಜೀವ ನನ್ನ ಕೈಯಾಗ ಇರಬಾರದು."

ಅದರ ಬದಲು ಹಣಮಯ್ಯ ಗಂಡ ಹೆಂಡತಿ ಇಬ್ಬರಿಗೂ ಹೊಲಿಯುವುದನ್ನು ಕಲಿಸಿದ. ಬಾಯಿ ನಾಲ್ಕೇ ದಿನದಲ್ಲಿ ತೇಪೆ ಹಾಕುವುದು ಕಲಿತಳು, ಸಾಹೇಬನ ಹೊಲಿಗೆ ಕೊನೆಯವರೆಗೂ ಸೊಟ್ಟಗೇ ಇತ್ತು. ಮಾಘ ಮಾಸದ ಒಂದು ಬೆಳಿಗ್ಗೆ ಇಳಿತದ ನೀರಿನ ಜೊತೆ ಹಡಗು ಹೊರಟಿತು. ದಂಡೆಯಲ್ಲಿ ಊರಿನವರೆಲ್ಲ ನಿಂತಿದ್ದರು. ಹಡಗು ಖಾಡಿಯ ತಿರುವು ದಾಟುವವರೆಗೆ ಹಣಮಯ್ಯ ನೋಡಿದ. ಆಮೇಲೆ ಗಂಟು ಎತ್ತಿಕೊಂಡು ಬಸ್ಸಿಗೆ ಹೋದ.

ಆತ್ಮಾರಾಮ ಸೇಟ್ ಅವನನ್ನು ಬೇಡ ಅನ್ನಲಿಲ್ಲ. ಅಂಗಡಿಯಲ್ಲಿ ಹೊಲಿಗೆಯ ಯಂತ್ರ ಬಂದಿತ್ತು. ಯಂತ್ರಕ್ಕೆ ಆಗದ ಮೂಲೆಗಳು, ಹಗ್ಗದ ಅಂಚುಗಳು, ಹರಿದ ಹಳೆಯ ತಾಡಪತ್ರಿಗಳು, ಇವನ್ನು ಹಣಮಯ್ಯನ ಖೋಲಿಗೆ ಕಳಿಸತೊಡಗಿದ. ಅಂಗೈಯ ಸತ್ತ ಭಾಗಕ್ಕೆ ಹಣಮಯ್ಯ ತೊಗಲಿನ ಒಂದು ಕವಚ ಮಾಡಿಕೊಂಡ. ಮತ್ತೆ ರಕ್ತ ಯಾರಿಗೂ ಕಾಣಲಿಲ್ಲ. ಚೈತ್ರದಲ್ಲಿ ಕೊಚ್ಚಿಯಿಂದ ಬಾಯಿಯ ಕಾರ್ಡು ಬಂತು. ಸೇಟ್ ಓದಿ ಹೇಳಿದ: ಹೊಲಿಗೆ ಒಂದೂ ಬಿಟ್ಟಿಲ್ಲ, ಮಳೆಯ ನೀರು ಹಿಡಿದೆವು, ಕುಡಿದೆವು. ಆಮೇಲೆ ಲಂಕೆಯಿಂದ ಒಂದು ಬಂತು. ಅದಾದ ಮೇಲೆ ಬರಲಿಲ್ಲ. ಅವರು ಎಲ್ಲಿ ಹೋದರು, ಏನಾದರು ಎಂದು ಯಾರಿಗೂ ತಿಳಿಯಲಿಲ್ಲ.

ಮಗಳ ಮದುವೆ ಯಾವ ದಿನ ಎಂದು ಅವನಿಗೆ ಗೊತ್ತಿರಲಿಲ್ಲ. ಉಗಾದಿ ಕಳೆದ ಆ ತಿಂಗಳಲ್ಲಿ ವಾದ್ಯದ ಸದ್ದು ಕೇಳಿದಾಗಲೆಲ್ಲ, ಇವತ್ತೇ ಇರಬಹುದು ಅಂದುಕೊಂಡು ಹೊಲಿಗೆ ಮುಂದುವರಿಸುತ್ತಿದ್ದ.

ಆಷಾಢದ ಒಂದು ಮಧ್ಯಾಹ್ನ ಬಾಗಿಲ ಬೆಳಕು ಮುಚ್ಚಿದಂತಾಗಿ ತಲೆಯೆತ್ತಿದರೆ ಬಾಲಮಣಿ ನಿಂತಿದ್ದಳು. ಕಂಕುಳಲ್ಲಿ ಗಂಟು.

"ಮದಿವಿ ಆತು" ಅಂದಳು. "ಈಶಮ್ಮ ಸಂಸಾರ ನಡಸ್ಲತ್ತಾಳ. ಅತ್ತಿಮನ್ಯವ್ರು ಛಲೋ ಇದ್ದಾರ."

"ಕೂಡು."

ಅವಳು ಕೂತಳು. ಹೊರಗೆ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು.

"ಇಲ್ಲೇ ಇರಾಕ ಬಂದೀನಿ" ಅಂದಳು. "ಇರು ಅಂದ್ರ ಇರ್ತೀನಿ, ಹೋಗು ಅಂದ್ರ ಹೋಗ್ತೀನಿ."

ಅವನಿಗೆ ಸಂತೋಷವಾಗಬೇಕಿತ್ತು, ಇಲ್ಲವಾದರೆ ಸಿಟ್ಟಾದರೂ ಬರಬೇಕಿತ್ತು. ಎರಡನ್ನೂ ಒಳಗೆ ಹುಡುಕಿದ. "ನಿಮ್ಮ ಅಣ್ಣಗ ಹೇಳಿ ಬಂದೀಯೇನು?" ಎಂದು ಮಾತ್ರ ಕೇಳಿದ. ಹೇಳಿ ಬಂದಿದ್ದಳು. ಹಣಮಯ್ಯ ಎದ್ದು ಗೂಟದ ಮೇಲಿನ ತನ್ನ ಅಂಗಿಗಳನ್ನು ಒಂದು ಕಡೆ ಸರಿಸಿ ಅವಳ ಗಂಟಿಗೆ ಜಾಗ ಮಾಡಿದ.

ಆಮೇಲಿನ ವರ್ಷಗಳಲ್ಲಿ ಅವರ ಬದುಕು ಹೀಗಿತ್ತು. ಬಾಲಮಣಿ ಜಹೀರಾಬಾದಿನಲ್ಲಿ ಹಣೆಗೆ ಕುಂಕುಮ ಇಡುತ್ತಿದ್ದಳು, ಹಸಿರು ಬಳೆ ಹಾಕುತ್ತಿದ್ದಳು. ಎರಡು ಮೂರು ತಿಂಗಳಿಗೊಮ್ಮೆ ಮಗಳನ್ನು ನೋಡಲು ತಾಂಡೂರಿಗೆ ಹೋಗುವ ದಿನ, ಬೆಳಿಗ್ಗೆ ಮುಂಗೈಗೆ ಸೋಪು ಹಚ್ಚಿ ಬಳೆಗಳನ್ನು ಒಡೆಯದಂತೆ ಒಂದೊಂದಾಗಿ ಜಾರಿಸಿ ತೆಗೆದು ಡಬ್ಬಿಯಲ್ಲಿ ಇಡುತ್ತಿದ್ದಳು, ಹಣೆ ತೊಳೆದುಕೊಳ್ಳುತ್ತಿದ್ದಳು. ಓಣಿಯ ಹೆಂಗಸರಿಗೆ ಕಾಣದಂತೆ ಸೆರಗು ಹೊದ್ದು ಬಸ್ಸು ಹತ್ತುತ್ತಿದ್ದಳು. ಮೊದಲ ಸಲ ಬಳೆ ತೆಗೆಯುವಾಗ ಹಣಮಯ್ಯ ಎದುರಿಗೇ ಕೂತಿದ್ದ. ಅವಳು ಹೊರಗೆ ಹೋಗಿ ಎಂದು ಹೇಳಲಿಲ್ಲ, ಅವನೂ ಏಳಲಿಲ್ಲ. ಒಂದು ಬಳೆ ಬಿಗಿಯಾಗಿ ಗಿಣ್ಣಿನಲ್ಲಿ ಸಿಕ್ಕಿಕೊಂಡಿತು. ಅವನು ಎದ್ದು ಬಂದು ಅವಳ ಬೆರಳುಗಳನ್ನು ಕೂಡಿಸಿ ಹಿಡಿದ, ಅವಳು ಜಾರಿಸಿದಳು.

ಎಂಬತ್ತೊಂದರಲ್ಲಿ ಈಶಮ್ಮನಿಗೆ ಗಂಡು ಮಗು ಆಯಿತು. ಬಾಲಮಣಿ ತಾಂಡೂರಿನಲ್ಲಿ ಹದಿನೈದು ದಿನ ಇದ್ದು ಸಂಜೆ ಬಸ್ಸಿಗೆ ತಿರುಗಿ ಬಂದಳು. ಹಣಮಯ್ಯ ಖೋಲಿಯ ಮುಂದೆ ಒಂದು ತಾಡಪತ್ರಿಯ ಮೂಲೆ ಹೊಲಿಯುತ್ತಿದ್ದ.

"ಹ್ಯಾಂಗ ಅದ ಕೂಸು?"

"ಛಲೋ ಅದ. ಅಪ್ಪನ ಮಾರಿ ಅದ ಅಂತಾರ." ಅವಳು ಚಪ್ಪಲಿ ಬಿಟ್ಟಳು. "ಹೆಸರ ಇಡೋ ಮುಂದ ಅವ್ರೇ ಕೇಳಿದ್ರು, ತಾಯಿ ಕಡಿ ಮುತ್ಯಾನ ಹೆಸರ ಏನಿತ್ತು ಅಂತ. ಸತ್ತವ್ರ ಹೆಸರ ಇಡೋದು ಅವ್ರಲ್ಲಿ ಪದ್ಧತಿ ಅದಂತ."

ಹಣಮಯ್ಯನ ಸೂಜಿ ಬಟ್ಟೆಯ ನಡುವೆ ನಿಂತಿತು.

"ಏನ ಹೇಳ್ದಿ?"

"ಹಣಮಯ್ಯ ಅಂತ ಹೇಳ್ದೆ. ಅದೇ ಇಟ್ಟಾರ."

ಅವನು ಸೂಜಿಯನ್ನು ಎಳೆದು, ದಾರ ಬಿಗಿ ಮಾಡಿ, "ಊಟ ಆಗ್ಯದೇನು ನಿಂದು?" ಎಂದು ಕೇಳಿದ. ಇಲ್ಲ ಅಂದಳು. ಬಸ್ಸು ವಿಕಾರಾಬಾದಿನ ಹತ್ತಿರ ಕೆಟ್ಟು ನಿಂತಿತ್ತಂತೆ.